ಕ್ಯಾಚ್ ಹಿಡಿದ ಮೇಲೆ ಶುರುವಾಗುವ ಕೆಲಸ: ಇಚಿರೊ ಆಟ ನೋಡಿ ನಾನು ಔಟ್‌ಫೀಲ್ಡ್ ಕಲಿತದ್ದು

ಕ್ರಿಕೆಟ್‌ನಲ್ಲಿ ಬೌಂಡರಿ ಹತ್ತಿರ ಕ್ಯಾಚ್ ಹಿಡಿದರೆ ಆ ಬಾಲ್‌ನ ಕಥೆ ಅಲ್ಲಿಗೆ ಮುಗಿಯಿತು. ಚೆಂಡನ್ನು ಮೇಲಕ್ಕೆಸೆದು ಕುಣಿಯಬಹುದು. ಬೇಸ್‌ಬಾಲ್‌ನಲ್ಲಿ ಹಾಗಲ್ಲ. ಹೊಡೆದವನು ಔಟಾದರೂ, ರನ್ ಗಳಿಸಲು ಒಂದೊಂದಾಗಿ ದಾಟಬೇಕಾದ ಬೇಸ್‌ಗಳ ಮೇಲಿರುವ ರನ್ನರ್ ಔಟಾಗಿರುವುದಿಲ್ಲ. ಚೆಂಡು ಗ್ಲೌಸ್‌ಗೆ ತಾಗಿದ ಕ್ಷಣ ಅವನು ಬೇಸ್ ಬಿಟ್ಟು ಓಡಬಹುದು. ಮೂರನೇ ಬೇಸ್‌ನಲ್ಲಿ, ಅಂದರೆ ರನ್‌ಗೆ ಒಂದೇ ಓಟ ಬಾಕಿ ಇರುವಲ್ಲಿ, ಒಬ್ಬನಿದ್ದು, ಎರಡು ಔಟ್ ಇನ್ನೂ ಆಗಿಲ್ಲದಿದ್ದರೆ (ಮೂರು ಔಟ್‌ಗೆ ತಂಡದ ಸರದಿ ಮುಗಿಯುತ್ತದೆ), ನೀವು ಕ್ಯಾಚ್ ಹಿಡಿದೂ ಒಂದು ರನ್ ಬಿಟ್ಟುಕೊಡಬೇಕಾಗಬಹುದು. ಔಟ್‌ಫೀಲ್ಡರ್‌ಗೆ ಕ್ಯಾಚ್ ಅರ್ಧ ಕೆಲಸ ಅಷ್ಟೇ. ಉಳಿದರ್ಧ ಕಲಿಯೋಕೆ ನನಗೆ ವರ್ಷಗಳೇ ಹಿಡಿದವು.

ನಾನು ಮೈಸೂರಿನವನು. ಕಾಲೇಜು ತಂಡದಲ್ಲಿ ಡೀಪ್ ಮಿಡ್‌ವಿಕೆಟ್ ನನ್ನ ಜಾಗ. ಕೆಲಸಕ್ಕೆಂದು ಸಿಯಾಟಲ್ ಕಡೆ ಬಂದಾಗ ಆಫೀಸಿನ ಗೆಳೆಯನೊಬ್ಬ ವಾರಾಂತ್ಯದ ಬೇಸ್‌ಬಾಲ್ ತಂಡಕ್ಕೆ ಕರೆದ. ನನ್ನ ಥ್ರೋ ನೋಡಿ ರೈಟ್ ಫೀಲ್ಡ್, ಅಂದರೆ ಔಟ್‌ಫೀಲ್ಡ್‌ನ ಬಲಗಡೆಯ ಜಾಗ, ಕೊಟ್ಟರು. ಆಗ ಆ ಊರಿನಲ್ಲಿ ರೈಟ್ ಫೀಲ್ಡ್ ಅಂದರೆ ಇಚಿರೊ ಸುಜುಕಿ, ಜಪಾನಿನಿಂದ ಬಂದು ಸಿಯಾಟಲ್ ಮ್ಯಾರಿನರ್ಸ್ ತಂಡಕ್ಕೆ ಆಡುತ್ತಿದ್ದವರು. ಅವರ ಜೆರ್ಸಿ ನಂಬರ್ 51. ಮ್ಯಾರಿನರ್ಸ್ ಸ್ಟೇಡಿಯಂನಲ್ಲಿ ಅವರ ಹಿಂದಿನ ಸೀಟುಗಳಿಗೆ ‘ಏರಿಯಾ 51’ ಅಂತಲೇ ಹೆಸರು. ಟಿಕೆಟ್ ಸಿಕ್ಕಾಗಲೆಲ್ಲ ಅಲ್ಲೇ ಕೂರುತ್ತಿದ್ದೆ. ಜನ ಅವರ ಬ್ಯಾಟಿಂಗ್ ನೋಡೋಕೆ ಬರುತ್ತಿದ್ದರು. ನಾನು ಮಾತ್ರ ಬಾಲ್ ತಮ್ಮ ಕಡೆ ಬರದಿದ್ದಾಗ ಅವರು ಏನು ಮಾಡುತ್ತಾರೆ ಅಂತ ನೋಡುತ್ತಿದ್ದೆ. ಅವರು ಸುಮ್ನೆ ನಿಂತದ್ದೇ ಇಲ್ಲ. ಕಾಲು ಚಾಚುವುದು, ಕೂತು ಏಳುವುದು, ಭುಜ ತಿರುಗಿಸುವುದು. ಪಿಚರ್ (ಬ್ಯಾಟ್ಸ್‌ಮನ್‌ಗೆ ಚೆಂಡೆಸೆಯುವವನು) ಕೈ ಎತ್ತುವ ಹೊತ್ತಿಗೆ ಮೈಯೆಲ್ಲ ಸಜ್ಜು.

ಮಕ್ಕಳ ಆಟದಲ್ಲಿ ಬಾಲ್ ಕಡಿಮೆ ಬರುತ್ತದೆ ಅಂತ, ಇನ್ನೂ ಕಲಿಯುತ್ತಿರುವವರನ್ನು ರೈಟ್ ಫೀಲ್ಡ್‌ಗೆ ಕಳಿಸುವುದುಂಟು. ವೃತ್ತಿಪರ ಆಟದಲ್ಲಿ ಇದು ಉಲ್ಟಾ. ಔಟ್‌ಫೀಲ್ಡ್‌ನಿಂದ ಮೂರನೇ ಬೇಸ್‌ಗೆ ಅತಿ ದೂರದ ಥ್ರೋ ಬಲಮೂಲೆಯಿಂದ ಬರಬೇಕು. ಹಾಗಾಗಿ ಅಲ್ಲಿ ಗಟ್ಟಿ ತೋಳಿನವನೇ ಬೇಕು. ತುಂಬಾ ಜಾಗ ಓಡಿ ಕಾಯುವವನು ಸೆಂಟರ್‌ನಲ್ಲಿ. ಎಡಗಡೆ ಥ್ರೋ ಸ್ವಲ್ಪ ಹತ್ತಿರ. ಒಬ್ಬ ಔಟ್‌ಫೀಲ್ಡರ್‌ನ ಇಡೀ ವೃತ್ತಿಜೀವನವನ್ನು ಈ ಮೂರು ಜಾಗಗಳಲ್ಲಿ ಓದಬಹುದು. ಹುಡುಗನಾಗಿದ್ದಾಗ ಸೆಂಟರ್, ವಯಸ್ಸಾದಂತೆ ಮೂಲೆಗಳು.

ಇಚಿರೊ ತೋಳಿಗೆ ಆ ಶಕ್ತಿ ಎಲ್ಲಿಂದ ಬಂತು ಅಂತ ಹುಡುಕಿದಾಗ ಗೊತ್ತಾಯಿತು, ಅವರು ಹೈಸ್ಕೂಲಿನಲ್ಲಿ ಪಿಚರ್. 1973ರಲ್ಲಿ ಹುಟ್ಟಿದವರು, ಐಚಿ ಪ್ರಾಂತ್ಯದ ಟೊಯೊಯಾಮಾದಲ್ಲಿ ಬೆಳೆದವರು. 1991ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವಾಗ, ಜಪಾನಿನ ಓರಿಕ್ಸ್ ಬ್ಲೂವೇವ್ ತಂಡ ಅವರನ್ನು ನಾಲ್ಕನೇ ಸುತ್ತಿನಲ್ಲಿ ತೆಗೆದುಕೊಂಡಿತು. ಕಾಲು ಎತ್ತಿ ತೂಗಿ ಹೊಡೆಯುವ ಅವರ ಶೈಲಿ ಆಗಿನ ಮ್ಯಾನೇಜರ್‌ಗೆ ಹಿಡಿಸಲಿಲ್ಲ. ಮೊದಲ ಎರಡು ವರ್ಷ ಹೆಚ್ಚಿನ ಕಾಲ ಎರಡನೇ ತಂಡದಲ್ಲೇ ಕಳೆಯಿತು. 1994ರಲ್ಲಿ ಅಕಿರಾ ಓಗಿ ಮ್ಯಾನೇಜರ್ ಆಗಿ ಬಂದು ಅದೇ ಶೈಲಿಯಲ್ಲಿ ಆಡಲು ಬಿಟ್ಟರು. ಆ ವರ್ಷವೇ 210 ಹಿಟ್ (ಹೊಡೆದು ಔಟಾಗದೆ ಬೇಸ್ ತಲುಪಿದರೆ ಅದು ಹಿಟ್), ಜಪಾನಿನಲ್ಲಿ ಆಗ ಅದು ದಾಖಲೆ. ಆ ವರ್ಷದಿಂದ ಏಳು ವರ್ಷ ಸತತವಾಗಿ, ಅವರ ತಂಡ ಆಡುತ್ತಿದ್ದ ಪೆಸಿಫಿಕ್ ಲೀಗಿನ ಬ್ಯಾಟಿಂಗ್ ಪಟ್ಟ ಅವರದೇ. ಅಮೆರಿಕದ ಹುಡುಗರಿಗೂ ಇಂಥ ಕಾಯುವಿಕೆ ತಪ್ಪಿದ್ದಲ್ಲ. ಡ್ರಾಫ್ಟ್ ಆದ ಮೇಲೆ ಸಿಂಗಲ್ ಎ, ಡಬಲ್ ಎ, ಟ್ರಿಪಲ್ ಎ ಅನ್ನುವ ಕೆಳಹಂತದ ಲೀಗುಗಳಲ್ಲಿ ಬಸ್ಸಿನಲ್ಲಿ ಊರೂರು ಸುತ್ತಬೇಕು. ಸಾಕಷ್ಟು ಮಂದಿಯ ಪಯಣ ಅಲ್ಲೇ ನಿಲ್ಲುತ್ತದೆ.

2001ರಲ್ಲಿ ಅವರು ಸಿಯಾಟಲ್‌ಗೆ ಬಂದಾಗ ಜಪಾನಿನಿಂದ ಅಮೆರಿಕದ ಮೇಲುಹಂತವಾದ ಮೇಜರ್ ಲೀಗಿಗೆ ಅದುವರೆಗೆ ಬಂದವರೆಲ್ಲ ಪಿಚರ್‌ಗಳು. ದಿನಾ ಆಡುವ ಫೀಲ್ಡರ್ ಇಲ್ಲಿ ಬಾಳಿಕೆ ಬರುತ್ತಾನಾ ಅನ್ನುವ ಅನುಮಾನವಿತ್ತು. ಏಪ್ರಿಲ್ 11ರಂದು ಓಕ್ಲೆಂಡ್‌ನಲ್ಲಿ ಅದಕ್ಕೆ ಉತ್ತರ ಸಿಕ್ಕಿತು. ಮೊದಲ ಬೇಸ್‌ನಲ್ಲಿದ್ದ ಟೆರೆನ್ಸ್ ಲಾಂಗ್, ಬಲಗಡೆ ಹೋದ ಹಿಟ್‌ಗೆ ಮೂರನೇ ಬೇಸ್ ತನಕ ಓಡಲು ನೋಡಿದರು. ಇಚಿರೊ ಮುಂದೆ ಓಡಿ ಬಂದು ಚೆಂಡೆತ್ತಿ ಎಸೆದರು. ಚೆಂಡು ನೆಲಕ್ಕೆ ತಾಗದೆ ನೇರವಾಗಿ ಮೂರನೇ ಬೇಸ್ ಕಾಯುತ್ತಿದ್ದ ಡೇವಿಡ್ ಬೆಲ್ ಗ್ಲೌಸ್‌ಗೆ ಬಂತು. ಲಾಂಗ್ ಔಟ್. ಆ ವರ್ಷ 242 ಹಿಟ್ ಹೊಡೆದು, ಅತ್ಯುತ್ತಮ ಹೊಸಬ ಮತ್ತು ಎಂವಿಪಿ (ಅತಿ ಮೌಲ್ಯಯುತ ಆಟಗಾರ) ಎರಡೂ ಪ್ರಶಸ್ತಿ ಗೆದ್ದರು. ಆದರೂ ನನ್ನ ಕಣ್ಣಿಗೆ ಆ ಥ್ರೋ ದೊಡ್ಡದು.

ಆ ವಿಡಿಯೊ ಹಾಕಿಕೊಂಡು ನಾನು ತೋಳು ಬಿಟ್ಟು ಕಾಲು ನೋಡುತ್ತಿದ್ದೆ. ಚೆಂಡು ಕೈಗೆ ಬರುವ ಮುಂಚೆಯೇ ಮೈ ಗುರಿಯ ಕಡೆ ಹೊರಟಿರುತ್ತದೆ. ಅದನ್ನೇ ಅಭ್ಯಾಸ ಮಾಡಿದೆ. ಎತ್ತರದ ಬಾಲ್ ಬಂದರೆ ಅದು ಬೀಳುವ ಜಾಗಕ್ಕಿಂತ ಎರಡು ಹೆಜ್ಜೆ ಹಿಂದೆ ನಿಲ್ಲುವುದು. ಚೆಂಡು ಇಳಿಯುವಾಗ ಮುಂದೆ ಬರುತ್ತಾ, ಎಸೆಯುವ ಭುಜದ ಹತ್ತಿರವೇ ಹಿಡಿಯುವುದು. ಹಿಡಿದ ಓಟದಲ್ಲೇ ಒಂದು ಸಣ್ಣ ಜಿಗಿತ. ಇದಕ್ಕೆ ಕ್ರೋ ಹಾಪ್ ಅನ್ನುತ್ತಾರೆ. ಆ ಜಿಗಿತದಲ್ಲಿ ಸೊಂಟ ಅಡ್ಡ ತಿರುಗಿ, ಓಟದ ಬಲವೆಲ್ಲ ಥ್ರೋಗೆ ಸೇರುತ್ತದೆ. ಬೆರಳುಗಳನ್ನು ಹೊಲಿಗೆಗೆ ಅಡ್ಡವಾಗಿಟ್ಟರೆ ಚೆಂಡು ಆಚೀಚೆ ಸರಿಯದೆ ನೇರ ಹೋಗುತ್ತದೆ. ಬೇಸ್‌ಬಾಲ್ ಚೆಂಡು ಕ್ರಿಕೆಟ್ ಚೆಂಡಿಗಿಂತ ಸ್ವಲ್ಪ ಹಗುರ, ಆದ್ದರಿಂದ ನಮ್ಮವರಿಗೆ ಕೈ ಬೇಗ ಒಗ್ಗುತ್ತದೆ. ಒಗ್ಗೋಕೆ ಕಷ್ಟವಾಗುವುದು ಎತ್ತರ. ಮಧ್ಯದಲ್ಲಿ ನಿಂತ ಕಟ್‌ಆಫ್ ಆಟಗಾರನ ತಲೆಯ ಮಟ್ಟಕ್ಕೆ ಚೆಂಡು ಹೋಗಬೇಕು. ಬೇಕಿದ್ದರೆ ಅವನು ತಡೆದು ಬೇರೆ ಬೇಸ್‌ಗೆ ತಿರುಗಿಸುತ್ತಾನೆ, ಬೇಡವಾದರೆ ಬಿಡುತ್ತಾನೆ. ಅವನ ತಲೆ ಮೇಲೆ ಹಾರಿಸಿದರೆ ಹಿಂದಿನ ರನ್ನರ್ ಕೂಡ ಸಲೀಸಾಗಿ ಒಂದು ಬೇಸ್ ಮುಂದೆ ಹೋಗುತ್ತಾನೆ.

ಇನ್ನು ಬಾಲ್ ಓದುವುದು. ನನ್ನ ಪ್ರಕಾರ ಇದಕ್ಕಿಂತ ಕಷ್ಟದ ಕೆಲಸ ಈ ಆಟದಲ್ಲಿ ಕಡಿಮೆ. ಪಕ್ಕಕ್ಕೆ ಬರುವ ಬಾಲ್‌ನ ದಾರಿ ಕಣ್ಣಿಗೆ ಕಾಣುತ್ತದೆ. ನೇರ ನಿಮ್ಮ ಮುಖಕ್ಕೇ ಬರುವ ಬಾಲ್ ಮುಂದೆ ಬೀಳುತ್ತದಾ, ತಲೆ ಮೇಲೆ ಹೋಗುತ್ತದಾ ಅಂತ ಮೊದಲ ಕ್ಷಣಕ್ಕೆ ಹೊಳೆಯುವುದೇ ಇಲ್ಲ. ಅದಕ್ಕೇ ನಾನು ಮೊದಲ ಹೆಜ್ಜೆ ಹಿಂದಕ್ಕೇ ಇಡುತ್ತೇನೆ. ಹಿಂದೆ ಹೋದವನು ಮುಂದೆ ಓಡಿ ಬರಬಹುದು, ತಲೆ ದಾಟಿದ ಬಾಲ್ ವಾಪಸ್ ಬರಲ್ಲ, ಅಲ್ವಾ? ಬಲಗೈ ಬ್ಯಾಟ್ಸ್‌ಮನ್ ಹೊಡೆದದ್ದು ರೈಟ್ ಫೀಲ್ಡ್‌ಗೆ ಬಂದರೆ ಅದು ಗೆರೆಯ ಕಡೆ ಬಾಗುತ್ತಾ ದೂರ ಸರಿಯುತ್ತದೆ. ಅದು ಈಗ ಇರುವ ಕಡೆಗೆ ಓಡಿದರೆ ಸಿಗುವುದಿಲ್ಲ, ಬಾಗಿ ಹೋಗುವ ಕಡೆಗೆ ಓಡಬೇಕು.

ಗೋಡೆಯ ಲೆಕ್ಕವೂ ಇದೆ. 2007ರ ಆಲ್‌ಸ್ಟಾರ್ ಪಂದ್ಯದಲ್ಲಿ ಇಚಿರೊ ಹೊಡೆದ ಚೆಂಡು ಸ್ಯಾನ್ ಫ್ರಾನ್ಸಿಸ್ಕೊದ ಬಲಗಡೆಯ ಗೋಡೆಗೆ ಬಡಿದು, ಯಾರೂ ಎಣಿಸದ ಕಡೆಗೆ ಚಿಮ್ಮಿತು. ಅಲ್ಲಿದ್ದವರು ಸಾಮಾನ್ಯರಲ್ಲ, ಕೆನ್ ಗ್ರಿಫಿ ಜೂನಿಯರ್. ಅವರು ಚೆಂಡು ಹಿಡಿಯುವಷ್ಟರಲ್ಲಿ ಇಚಿರೊ ಎಲ್ಲ ಬೇಸ್‌ಗಳನ್ನೂ ಸುತ್ತಿ, ಚೆಂಡು ಮೈದಾನದೊಳಗೇ ಇರುವಾಗಲೇ ಹೋಮ್ ರನ್ ಓಡಿ ಮುಗಿಸಿದರು. ಆಲ್‌ಸ್ಟಾರ್ ಇತಿಹಾಸದಲ್ಲಿ ಅಂಥದ್ದು ಅದೇ ಮೊದಲು. ಹೊಸ ಮೈದಾನಕ್ಕೆ ಹೋದಾಗ ನಾನು ಬೇಲಿಗೆ ಒಂದಷ್ಟು ಚೆಂಡೆಸೆದು ಹೇಗೆ ತಿರುಗುತ್ತದೆ ಅಂತ ನೋಡುವುದು ಇದರಿಂದಲೇ.

ಅವರ ಕೊನೆಯ ವರ್ಷಗಳ ಬಗ್ಗೆ ಜನ ಜಾಸ್ತಿ ಮಾತಾಡುವುದಿಲ್ಲ. ನನಗೆ ಅವೇ ಇಷ್ಟ. 2012ರ ಜುಲೈನಲ್ಲಿ ನ್ಯೂಯಾರ್ಕ್ ಯಾಂಕೀಸ್‌ ತಂಡಕ್ಕೆ ಹೋದರು. ಹತ್ತು ಗೋಲ್ಡ್ ಗ್ಲೌ (ಅತ್ಯುತ್ತಮ ಫೀಲ್ಡಿಂಗ್ ಪ್ರಶಸ್ತಿ) ಗೆದ್ದ ರೈಟ್ ಫೀಲ್ಡರ್ ಅಲ್ಲಿ ಎಡಗಡೆಯೂ ನಿಂತರು. 2015ರಿಂದ ಮಯಾಮಿಯಲ್ಲಿ ನಾಲ್ಕನೇ ಔಟ್‌ಫೀಲ್ಡರ್. ಅಂದರೆ ಮೂವರಲ್ಲಿ ಯಾರಿಗಾದರೂ ವಿಶ್ರಾಂತಿ ಬೇಕಾದಾಗ ಆಡುವವರು. ಮೇಜರ್ ಲೀಗಿನ 3000ನೇ ಹಿಟ್ 2016ರಲ್ಲಿ ಬಂದಾಗ ವಯಸ್ಸು 42. ಆ ಹಿಟ್‌ಗೆ ಅವರು ಮೂರನೇ ಬೇಸ್ ತನಕ ಓಡಿದ್ದರು. 2019ರ ಮಾರ್ಚ್‌ನಲ್ಲಿ ಟೋಕಿಯೊದಲ್ಲಿ ಆಟ ನಿಲ್ಲಿಸಿದರು. 2025ರಲ್ಲಿ ಬೇಸ್‌ಬಾಲ್ ದಿಗ್ಗಜರ ಹಾಲ್ ಆಫ್ ಫೇಮ್‌ಗೆ ಹೋದಾಗ ಪೂರ್ತಿ ಮತಕ್ಕೆ ಒಂದೇ ಒಂದು ಕಡಿಮೆ.

ನಾನೂ ಈಗ ಎಡಗಡೆ ಬಂದಿದ್ದೇನೆ. ಭುಜ ಮೊದಲಿನಂತಿಲ್ಲ. ರೈಟ್ ಫೀಲ್ಡ್ ಈಗ ತಂಡದ ಒಬ್ಬ ಹುಡುಗನದು. ಇನ್‌ಫೀಲ್ಡರ್ (ಬೇಸ್‌ಗಳ ಹತ್ತಿರ ನಿಲ್ಲುವ ಆಟಗಾರ) ಮೊದಲ ಬೇಸ್‌ಗೆ ಎಸೆದಾಗಲೆಲ್ಲ ಆ ಬೇಸ್‌ನ ಹಿಂದೆ ಓಡಿ ನಿಲ್ಲು ಅಂತ ಅವನಿಗೆ ಹೇಳುತ್ತಲೇ ಇರುತ್ತೇನೆ. ಹೆಚ್ಚಿನ ಸಲ ಆ ಓಟ ಯಾರ ಕಣ್ಣಿಗೂ ಬೀಳುವುದಿಲ್ಲ. ಚೆಂಡು ಕೈತಪ್ಪಿದ ದಿನ ಅಲ್ಲಿ ಒಬ್ಬ ಇರಲೇಬೇಕು.

ಕ್ರಿಕೆಟ್ ಆಡಿ ಬಂದವರು ಈ ಆಟಕ್ಕೆ ಇಳಿಯುವುದಾದರೆ ಔಟ್‌ಫೀಲ್ಡ್‌ನಿಂದಲೇ ಶುರು ಮಾಡಿ. ಹನ್ನೆರಡೂವರೆ ಇಂಚಿನ ಆಸುಪಾಸಿನ ಗ್ಲೌಸ್ ತೆಗೆದುಕೊಳ್ಳಿ, ಎಸೆಯದ ಕೈಗೆ. ಓಡುವಾಗ ಗ್ಲೌಸ್ ಮುಂದೆ ಚಾಚಬೇಡಿ, ವೇಗ ಹೋಗುತ್ತದೆ. ಪ್ರತಿ ಪಿಚ್‌ಗೂ ಮುಂಚೆ ಎಷ್ಟು ಔಟ್, ರನ್ನರ್ ಎಲ್ಲಿದ್ದಾನೆ, ಬಾಲ್ ನನಗೇ ಬಂದರೆ ಎಲ್ಲಿಗೆ ಎಸೆಯಬೇಕು ಅಂತ ಮನಸ್ಸಿನಲ್ಲೇ ಹೇಳಿಕೊಳ್ಳಿ. ಬಾಲ್ ಹೊರಟ ಮೇಲೆ ಅದನ್ನು ಯೋಚಿಸೋಕೆ ಹೊತ್ತಿರುವುದಿಲ್ಲ.