ಗ್ರೈಂಡರ್ ಬದಲಿಸಿದ ಮೇಲೆ ಎಸ್ಪ್ರೆಸೊ ಕೆಟ್ಟಿದೆಯೇ?

ಹೊಸ ಗ್ರೈಂಡರ್ ತಂದ ಮೊದಲ ವಾರ ನನ್ನ ಎಸ್ಪ್ರೆಸೊ ಒಂದೇ ಗುಟುಕಿನಲ್ಲಿ ಹುಳಿಯೂ ಹೌದು, ಕಹಿಯೂ ಹೌದು ಎನ್ನುವಂತಿತ್ತು. ತಳವಿಲ್ಲದ ಪೋರ್ಟಾಫಿಲ್ಟರ್ (ಪುಡಿ ತುಂಬಿ ಯಂತ್ರಕ್ಕೆ ಸಿಕ್ಕಿಸುವ ಹಿಡಿ) ಹಾಕಿ ನೋಡಿದರೆ ಒಂದು ಬದಿಯಿಂದ ಸೂಜಿಯಂಥ ಧಾರೆ ಚಿಮ್ಮಿ ಅಂಗಿಯ ಮೇಲೆ ಬಿತ್ತು. ಇನ್ನೊಂದು ಬದಿ ಒಣಗಿಯೇ ಇತ್ತು. ನೀರು ಪುಡಿಯಲ್ಲಿ ಸಡಿಲ ಜಾಗ ಹುಡುಕಿಕೊಂಡು ಅಲ್ಲಿಂದಲೇ ನುಗ್ಗುತ್ತಿತ್ತು.

ಕಾಫಿ ಬೇಗ ಇಳಿಯಿತೆಂದು ಇನ್ನೂ ನುಣ್ಣಗೆ ಬೀಸಿದೆ. ತಪ್ಪಾಯಿತು. ಅತಿ ನುಣ್ಣಗಾದರೆ ಪುಡಿಯಲ್ಲಿ ನೀರು ನುಗ್ಗುವ ಬಿರುಕು ಹೆಚ್ಚುತ್ತದೆ. ಹಳೆಯ ಗ್ರೈಂಡರಿನಲ್ಲಿ ನುಣುಪಿಗೆ ಇಟ್ಟಿದ್ದ ಅಂಕಿಯನ್ನು ಮರೆತುಬಿಡಿ, ಹೊಸದರಲ್ಲಿ ಅದಕ್ಕೆ ಅರ್ಥವಿಲ್ಲ. 18 ಗ್ರಾಂ ಪುಡಿಗೆ 25ರಿಂದ 30 ಸೆಕೆಂಡಿನಲ್ಲಿ ಸುಮಾರು 36 ಗ್ರಾಂ ಕಾಫಿ ಇಳಿಯುವಂತೆ ಮೊದಲಿನಿಂದ ಹೊಂದಿಸಿಕೊಳ್ಳಿ. ಪ್ರತಿ ಸಲ ನುಣುಪು ಬದಲಿಸಿದಾಗಲೂ ಒಳಗೆ ಉಳಿದ ಹಳೆಯ ಪುಡಿ ಹೋಗಲೆಂದು ಒಂದೆರಡು ಗ್ರಾಂ ಬೀಸಿ ಚೆಲ್ಲಿ.

ನನ್ನಲ್ಲಿ ನಿಜವಾದ ತೊಂದರೆ ಗಂಟಿನದು. ಸರಿಯಾಗಿ ಕಲಕದ ಉಪ್ಪಿಟ್ಟಿನ ರವೆಯಂತೆ ಪುಡಿ ಗಂಟುಗಂಟಾಗಿ ಬೀಳುತ್ತಿತ್ತು. ಈಗ ಬೀಸುವ ಮೊದಲು ಚಮಚದ ಹಿಡಿಯನ್ನು ನೀರಿನಲ್ಲಿ ಅದ್ದಿ ಬೀಜಗಳನ್ನು ಕಲಕುತ್ತೇನೆ. ಅಷ್ಟೇ ತೇವ ಸಾಕು. ಬಾಸ್ಕೆಟ್ಟಿಗೆ (ಪೋರ್ಟಾಫಿಲ್ಟರಿನೊಳಗಿನ ತೂತಿನ ಬಟ್ಟಲು) ಹಾಕಿದ ಪುಡಿಯನ್ನು ಬಾಟಲಿಯ ಬೆಂಡಿಗೆ ಚುಚ್ಚಿದ ನಾಲ್ಕು ತೆಳು ಸೂಜಿಗಳಿಂದ ತಳದವರೆಗೂ ಕೆದಕಿ, ಮಟ್ಟ ಮಾಡಿ, ಓರೆಯಾಗದಂತೆ ಒತ್ತುತ್ತೇನೆ. (ಅಮ್ಮನ ಹೊಲಿಗೆ ಡಬ್ಬಿಯಿಂದ ಸೂಜಿ ಕದ್ದದ್ದಕ್ಕೆ ಬೈಸಿಕೊಂಡದ್ದು ಬೇರೆ ಮಾತು.) ಮರುದಿನವೇ ಧಾರೆ ನಡುವೆ ಒಂದಾಗಿ ಇಲಿಬಾಲದಂತೆ ಇಳಿಯಿತು.

ಗ್ರೈಂಡರಿನೊಳಗೆ ಬೀಜ ಬೀಸುವ ಹಲ್ಲಿನ ಬಿಲ್ಲೆಗಳಾದ ಹೊಸ ಬರ್‌ಗಳು ಪಳಗುವವರೆಗೆ ಅಳತೆ ಸ್ವಲ್ಪ ಜಾರುತ್ತಲೇ ಇರುತ್ತದೆ. ಅಲ್ಲಿಯವರೆಗೆ ದುಬಾರಿ ಬೀಜ ಸುರಿಯಬೇಡಿ.