ಡೇಟಾ ಇದ್ದಲ್ಲಿಗೇ ಕೆಲಸ ಕಳಿಸಿದೆ

ನನ್ನ ಹತ್ತಿರ ಒಂದು ದೊಡ್ಡ ಕನ್ನಡ ಪಠ್ಯ ಸಂಗ್ರಹ ಇತ್ತು. ಯಾವ ಪದ ಎಷ್ಟು ಸಲ ಬಂದಿದೆ ಅಂತ ಎಣಿಸಬೇಕಿತ್ತು. ಸಿಪಿಯುಗೆ ಇದೇನು ಕಷ್ಟದ ಲೆಕ್ಕ ಅಲ್ಲ, ಬೈಟ್‌ಗಳನ್ನು ಹೋಲಿಸಿದರೆ ಆಯ್ತು. ಆದರೆ ಎಲ್ಲ ಕೋರ್‌ಗಳನ್ನೂ ಹಚ್ಚಿದ ಮೇಲೆ, ರ್‍ಯಾಮ್‌ನಿಂದ ಡೇಟಾ ಬರಲಿ ಅಂತ ಅವು ಕಾಯುತ್ತಾ ಕೂರುತ್ತವೆ. ಕರೆಂಟೂ ಆ ಓಡಾಟಕ್ಕೇ ಜಾಸ್ತಿ. ಸ್ಟ್ಯಾನ್‌ಫರ್ಡ್‌ನ ಮಾರ್ಕ್ ಹೊರೊವಿಟ್ಜ್ 2014ರಲ್ಲಿ ಕೊಟ್ಟ ಅಂದಾಜಿನಂತೆ, 32 ಬಿಟ್‌ನ ಎರಡು ಪೂರ್ಣಾಂಕ ಕೂಡಿಸಲು 0.1 ಪಿಕೊಜೂಲ್ (ಶಕ್ತಿಯ ತೀರಾ ಚಿಕ್ಕ ಅಳತೆ) ಸಾಕು. ಡಿರ್‍ಯಾಮ್‌ನಿಂದ (ರ್‍ಯಾಮ್‌ನಲ್ಲಿ ಬಳಸುವ ಚಿಪ್) ಒಂದು ಸಲ ಡೇಟಾ ತರಲು ಅದರ ಹತ್ತು ಸಾವಿರ ಪಟ್ಟಿಗೂ ಮೀರಿ ಬೇಕು.

ಅದಕ್ಕೇ ಫ್ರಾನ್ಸ್‌ನ ಅಪ್‌ಮೆಮ್ ಕಂಪನಿಯ ಮೆಮೊರಿ ಕೈಗೆತ್ತಿಕೊಂಡೆ. ನೋಡಲು ಮಾಮೂಲಿ ಡಿಡಿಆರ್4 ಸ್ಟಿಕ್. ಅದರ 16 ಚಿಪ್‌ಗಳಲ್ಲಿ ತಲಾ 8 ಪುಟ್ಟ ಪ್ರೊಸೆಸರ್‌, ಒಟ್ಟು 128. ಇವನ್ನು ಡಿಪಿಯು ಅಂತಾರೆ. ಪ್ರತಿಯೊಂದಕ್ಕೂ ತನ್ನದೇ 64 ಎಂಬಿ. ಮೊದಲು ಅವರ ಪ್ರೋಗ್ರಾಂ ಬರೆಯುವ ಸಲಕರಣೆಯಾದ ಎಸ್‌ಡಿಕೆಯಲ್ಲಿರುವ ಸಿಮ್ಯುಲೇಟರ್‌ನಲ್ಲಿ ಬರೆದು ನೋಡಿ, ಆಮೇಲೆ ನಿಜವಾದ ಸರ್ವರ್‌ಗೆ ಹೋದೆ.

ಡಿಪಿಯುಗಳು ಒಂದಕ್ಕೊಂದು ಮಾತಾಡುವುದಿಲ್ಲ. ಹಾಗಾಗಿ ಪಠ್ಯವನ್ನು ಸಾಲಿನ ಕೊನೆಯಲ್ಲೇ ತುಂಡು ಮಾಡಿದೆ, ಉಳಿದ ಜಾಗಕ್ಕೆ ಸೊನ್ನೆ ತುಂಬಿದೆ. ಎಲ್ಲಕ್ಕೂ ಒಂದೇ ಅಳತೆಯ ತುಂಡು ಕಳಿಸಿದರೆ ಮಾತ್ರ ಒಟ್ಟಿಗೆ ಬೇಗ ಹೋಗುತ್ತದೆ.

ಮಜಾ ಇದ್ದದ್ದು ಒಳಗೆ. ಡಿಪಿಯು ತನ್ನ 64 ಎಂಬಿಯಿಂದ 64 ಕೆಬಿಯ ಚಿಕ್ಕ ಮೆಮೊರಿಗೆ ಡೇಟಾ ಎಳೆದುಕೊಂಡೇ ಓದಬೇಕು. ಒಂದು ಸಲಕ್ಕೆ ಹೆಚ್ಚೆಂದರೆ 2,048 ಬೈಟ್, ವಿಳಾಸ 8ರ ಮಗ್ಗಿಯಲ್ಲೇ ಇರಬೇಕು. ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಪದ್ಧತಿ) ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. ಹೀಗೆ ಎಳೆದುಕೊಂಡ ತುಂಡಿನ ಅಂಚಿನಲ್ಲಿ ಅಕ್ಷರವೇ ಸೀಳಿಹೋಗುತ್ತದೆ. ‘ಮೈಸೂರ’ ಅಂತ ಹುಡುಕಿದೆ ಅನ್ನಿ (ಮೈಸೂರು, ಮೈಸೂರಿಗೆ, ಮೈಸೂರಿನ ಎಲ್ಲವೂ ಸಿಗಲಿ ಅಂತ). ಅದು 15 ಬೈಟ್. ಮುಂದಿನ ತುಂಡನ್ನು 14 ಬೈಟ್ ಹಿಂದಿನಿಂದ ಶುರು ಮಾಡಬೇಕು, 8ರ ಲೆಕ್ಕಕ್ಕೆ 16. ಒಂದೇ ಪದ ಎರಡು ಸಲ ಎಣಿಕೆಗೆ ಬರಬಾರದಲ್ವಾ? ಅದಕ್ಕೆ ಪ್ರತಿ ತುಂಡಿನ ಮೊದಲ 2,032 ಬೈಟ್‌ಗಳೊಳಗೆ ಶುರುವಾಗುವ ಪದಗಳನ್ನಷ್ಟೇ ಎಣಿಸಿದೆ.

ಇನ್ನೊಂದು ಸಂಗತಿ. ಇಂಗ್ಲಿಷ್‌ನಲ್ಲಿ ಮೊದಲ ಬೈಟ್ ಹೊಂದದಿದ್ದರೆ ಮುಂದೆ ಹೋಗುತ್ತೇವೆ. ಕನ್ನಡದಲ್ಲಿ ಪ್ರತಿ ಅಕ್ಷರದ ಮೊದಲ ಬೈಟ್ 224, ಎರಡನೆಯದು 178 ಅಥವಾ 179. ಅವನ್ನು ಹೋಲಿಸುವುದು ಸುಮ್ನೆ ದಂಡ. ನಾನು ಮೂರನೇ ಬೈಟನ್ನೇ ಮೊದಲು ನೋಡಿದೆ. ಇಷ್ಟು ನಿಧಾನದ ಪ್ರೊಸೆಸರ್‌ನಲ್ಲಿ ಇಂಥ ಉಳಿತಾಯ ಕಣ್ಣಿಗೆ ಹೊಡೆಯುತ್ತದೆ. ಪೈಪ್‌ಲೈನ್ (ಆದೇಶಗಳು ಸಾಲಾಗಿ ಸಾಗುವ ದಾರಿ) ಖಾಲಿ ಬೀಳದಿರಲು ಕನಿಷ್ಠ 11 ಥ್ರೆಡ್, ಅಂದರೆ ಒಟ್ಟಿಗೆ ಸಾಗುವ ಕೆಲಸದ ಎಳೆಗಳು, ಬೇಕು. ನಾನು 16 ಇಟ್ಟೆ.

ಗುಣಾಕಾರ, ದಶಮಾಂಶದ ಲೆಕ್ಕ ಇದಕ್ಕೆ ಹೇಳಿ ಮಾಡಿಸಿದ್ದಲ್ಲ. ಹೋಲಿಸುವುದು, ಕೂಡಿಸುವುದು, ಎಣಿಸುವುದು ಇದ್ದರೆ ಇದರತ್ತ ಬನ್ನಿ. ಅದೂ ಡೇಟಾವನ್ನು ಒಮ್ಮೆ ತುಂಬಿಸಿ ಅಲ್ಲೇ ಬಿಡುವುದಾದರೆ ಮಾತ್ರ. ಪ್ರತಿ ಹುಡುಕಾಟಕ್ಕೂ ಮತ್ತೆ ತುಂಬಿಸಿದರೆ ಸಿಪಿಯುವೇ ವಾಸಿ. ನನ್ನ ಸಂಗ್ರಹ ಒಳಗೇ ಕೂತಿರುತ್ತದೆ. ನಾನು ಪದ ಕಳಿಸುತ್ತೇನೆ, ಪ್ರತಿ ಡಿಪಿಯು ಒಂದು ಸಂಖ್ಯೆ ವಾಪಸ್ ಕೊಡುತ್ತದೆ, ಸಿಪಿಯು ಕೂಡಿಸುತ್ತದೆ.

ಈಗ ಒಂದೇ ಓದಿನಲ್ಲಿ ಹಲವು ಪದ ಹುಡುಕಿಸುವ ಕೆಲಸ ನಡೆದಿದೆ. ಪ್ರೋಗ್ರಾಂಗೆ ಪ್ರತಿ ಡಿಪಿಯುವಿನಲ್ಲಿ ಸಿಗುವುದು ಬೇರೆಯದೇ 24 ಕೆಬಿ ಜಾಗ. ಅಷ್ಟರಲ್ಲೇ ತುರುಕಬೇಕು.