ಮಾತ್ರೆ ಮನೆಯಲ್ಲೇ ಉಳಿದರೆ? ಆಶಾಗಳಿಗೆ ಆನ್‌ಲೈನ್ ತರಬೇತಿ ಮಾಡುವ ಬಗೆ

ಬಸುರಿಗೆ ದಿನಕ್ಕೊಂದರಂತೆ 180 ದಿನ ಕಬ್ಬಿಣಾಂಶದ ಮಾತ್ರೆ. ಸರ್ಕಾರದ್ದು, ದುಡ್ಡು ಕೊಡಬೇಕಿಲ್ಲ. ಆದರೂ ಎಷ್ಟೋ ಮನೆಗಳಲ್ಲಿ ಸ್ಟ್ರಿಪ್ ಗೂಡಿನಲ್ಲಿ ಹಾಗೇ ಕೂತಿರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಶೇ. 52ರಷ್ಟು ಮಂದಿಗೆ ರಕ್ತಹೀನತೆ. ಮನೆಗೆ ಬಂದ ಮಾತ್ರೆ ಹೊಟ್ಟೆ ಸೇರುವ ಹಾಗೆ ಮಾತಾಡುವುದಿದೆಯಲ್ಲ, ಅದಕ್ಕೇ ಸಾಮಾಜಿಕ ಮತ್ತು ನಡವಳಿಕೆ ಬದಲಾವಣೆ ಸಂವಹನ ಅನ್ನುವ ಉದ್ದದ ಹೆಸರು. ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರಿಗೆ ಇದನ್ನು ಫೋನಿನಲ್ಲೇ ಚೆನ್ನಾಗಿ ಕಲಿಸಬಹುದು.

ಮೊದಲು ಒಂದೇ ಒಂದು ನಡವಳಿಕೆ ಆರಿಸಿಕೊಳ್ಳಿ. "ತಾಯಿಯ ಆರೋಗ್ಯ" ಅಂತ ವಿಷಯ ಇಟ್ಟರೆ ಯಾರಿಗೂ ಏನೂ ದಕ್ಕುವುದಿಲ್ಲ. "ನಾಲ್ಕನೇ ತಿಂಗಳಿಂದ ಪ್ರತಿ ರಾತ್ರಿ ಊಟ ಆದ ಮೇಲೆ ಒಂದು ಮಾತ್ರೆ." ಇಷ್ಟೇ ಇರಲಿ.

ತರಬೇತಿಗೆ ಮೂರು ದಿನ ಮುಂಚೆ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಕೆಲಸ ಕೊಡಿ. ಮಾತ್ರೆ ನುಂಗದ ಒಬ್ಬರ ಮನೆಗೆ ಹೋಗಿ ಯಾಕೆ ಅಂತ ಕೇಳಬೇಕು, ಬುದ್ಧಿ ಹೇಳಬಾರದು, ಅವರು ಹೇಳಿದ್ದನ್ನು ಹೆಸರು ಹಾಕದೆ ಒಂದು ನಿಮಿಷದ ವಾಯ್ಸ್ ಮೆಸೇಜ್ ಮಾಡಿ ಕಳಿಸಬೇಕು. ಟೈಪ್ ಮಾಡಿ ಅಂತ ಮಾತ್ರ ಹೇಳಬೇಡಿ. ಬರೆಯುವಾಗ ಎಲ್ಲರೂ "ತಿಳುವಳಿಕೆ ಕೊರತೆ" ಅಂತ ಬರೆದುಬಿಡುತ್ತಾರೆ, ಮಾತಾಡಿದರೆ ನಿಜ ಬರುತ್ತದೆ. ಹೊಟ್ಟೆ ತೊಳಸುತ್ತದೆ. ಮಲ ಕಪ್ಪಗಾಯಿತು, ಹೆದರಿ ಬಿಟ್ಟೆ. ಮಗು ದಪ್ಪಗಾಗಿ ಹೆರಿಗೆ ಕಷ್ಟವಂತೆ. ಅತ್ತೆ ಬೇಡ ಅಂದರು.

ಇವೇ ನಿಮ್ಮ ಪಾಠ. ಒಂದೊಂದನ್ನೂ ಕೇಳಿಸಿ, ಇದು ಗೊತ್ತಿಲ್ಲದ್ದೋ, ಅನುಕೂಲ ಇಲ್ಲದ್ದೋ, ಮನಸ್ಸಿಲ್ಲದ್ದೋ ಅಂತ ಅವರನ್ನೇ ಕೇಳಿ. ಮನಶ್ಶಾಸ್ತ್ರಜ್ಞೆ ಸೂಸನ್ ಮಿಚಿ ಮತ್ತು ಜೊತೆಗಾರರು 2011ರಲ್ಲಿ ಮುಂದಿಟ್ಟ, ನಡವಳಿಕೆಗೆ ಸಾಮರ್ಥ್ಯ, ಅವಕಾಶ, ಮನಸ್ಸು ಮೂರೂ ಬೇಕು ಅನ್ನುವ ಕಾಮ್-ಬಿ (COM-B) ಮಾದರಿಯ ತಿರುಳು ಇದೇ, ಹೆಸರು ಹೇಳಿ ಹೆದರಿಸಬೇಕಾಗಿಲ್ಲ. ಕಪ್ಪು ಮಲಕ್ಕೆ ಹೆದರಿದವರಿಗೆ "ಅದು ಕಬ್ಬಿಣದಿಂದ, ತೊಂದರೆ ಇಲ್ಲ" ಅನ್ನುವ ಒಂದು ಮಾತು ಸಾಕು. ಅತ್ತೆ ಬೇಡ ಅಂದ ಮನೆಯಲ್ಲಿ ಸೊಸೆಗೆ ಎಷ್ಟು ತಿಳಿಹೇಳಿದರೂ ಏನು ಪ್ರಯೋಜನ, ಅಲ್ವಾ?

ಹಾಗಾಗಿ ಜಾಸ್ತಿ ಸಮಯ ರೋಲ್ ಪ್ಲೇಗೆ ಇಡಿ. ಜೂಮ್‌ನಲ್ಲಿ ಮೂರು ಮೂರು ಜನರನ್ನು ಬೇರೆ ಬೇರೆ ರೂಮಿಗೆ ಕಳಿಸಿ. ಒಬ್ಬರು ಆಶಾ, ಒಬ್ಬರು ಬಸುರಿ, ಒಬ್ಬರು ಅತ್ತೆ. "ನಾವೇನು ಮಾತ್ರೆ ನುಂಗ್ಕೊಂಡು ಹೆತ್ತಿದ್ವೇನಮ್ಮ?" ಅಂತ ಅತ್ತೆ ಶುರು ಮಾಡಲಿ. "ಹಾಗಲ್ಲಮ್ಮ, ಡಾಕ್ಟ್ರು ಹೇಳಿದ್ದಾರೆ" ಅಂದರೆ ಮಾತು ಅಲ್ಲಿಗೇ ನಿಂತಿತು. ನಿಲ್ಲಿಸಿ ಮತ್ತೆ ಮಾಡಿಸಿ, ಮೊದಲ ಎರಡು ನಿಮಿಷ ಆಶಾ ಬರೀ ಕೇಳಬೇಕು ಅನ್ನುವ ನಿಯಮ ಹಾಕಿ. "ನಿಮ್ಮ ಕಾಲದಲ್ಲಿ ಬಸುರಿಗೆ ಏನೇನು ಕೊಡ್ತಿದ್ರಿ ಅಮ್ಮಾ?" ನುಗ್ಗೆಸೊಪ್ಪು, ರಾಗಿ, ಕಾಳು ಅಂತ ಅತ್ತೆಯ ಮಾತು ಬಿಚ್ಚಿಕೊಳ್ಳುತ್ತದೆ. ಆಗ ಹೇಳಬೇಕು: "ಅದೆಲ್ಲ ಕೊಡಿ, ಜೊತೆಗೆ ಇದೂ ಇರಲಿ. ರಾತ್ರಿ ನೀವೇ ನೆನಪು ಮಾಡಿ ಕೊಡ್ತೀರಾ?" ಬೇಡ ಅಂದವರ ಕೈಗೇ ಸ್ಟ್ರಿಪ್ ಬರುತ್ತದೆ. ಮಾತ್ರೆಯ ಹಿಂದೆಮುಂದೆ ಒಂದು ಗಂಟೆ ಟೀ ಬೇಡ, ನಿಂಬೆಹಣ್ಣು ಒಳ್ಳೆಯದು ಅನ್ನುವುದನ್ನೂ ಅತ್ತೆಗೇ ಹೇಳಿ.

ಇನ್ನು ಉಳಿದದ್ದು. ಮಧ್ಯಾಹ್ನ ಇಡಿ, ಒಂದೂವರೆ ಗಂಟೆ ಮೀರಬೇಡಿ, ಇಪ್ಪತ್ತು ಜನಕ್ಕಿಂತ ಜಾಸ್ತಿ ಬೇಡ. ನೆಟ್‌ವರ್ಕ್ ಸಿಗದವರು ವಿಡಿಯೋ ಆಫ್ ಮಾಡಲಿ. ಡೇಟಾ ಖರ್ಚು ನೀವೇ ಕೊಡಿ, ಅವರ ಗೌರವಧನದಲ್ಲಿ ಅದನ್ನೂ ಹಾಕಿಸುವುದು ತಪ್ಪು. ಕೆಲವರ ಮನೆಯಲ್ಲಿ ಒಂದೇ ಸ್ಮಾರ್ಟ್‌ಫೋನ್, ಅದೂ ಮಗನ ಕೈಯಲ್ಲಿ. ಅಂಥವರು ಪಕ್ಕದ ಆಶಾ ಜೊತೆ ಕೂರುವ ಹಾಗೆ ಮೊದಲೇ ಮಾತಾಡಿಡಿ.

ಕೊನೆಗೆ ಕ್ವಿಜ್ ಬೇಡ. ಅದರಲ್ಲಿ ಸುಮ್ನೆ ಎಲ್ಲರಿಗೂ ಹತ್ತಕ್ಕೆ ಹತ್ತು ಬರುತ್ತದೆ. ಹದಿನೈದು ದಿನ ಬಿಟ್ಟು ಅದೇ ಮನೆಗೆ ಹೋಗಿ ಸ್ಟ್ರಿಪ್ ತೋರಿಸಿ ಅಂತ ಕೇಳಲು ಹೇಳಿ. ಎಷ್ಟು ಗುಳಿ ಖಾಲಿಯಾಗಿದೆ ಅಂತ ಎಣಿಸಿ ವಾಯ್ಸ್ ಮೆಸೇಜ್ ಹಾಕಲಿ. ಒಂದೂ ಖಾಲಿಯಾಗದ ಮನೆಯಿಂದಲೇ ಮುಂದಿನ ತರಬೇತಿ ಶುರು ಮಾಡಿ.